ಅಣು ಯಾವುದು, ಪರಮಾಣು ಯಾವುದು? ಪರಿಚಯ ಪಾಠದ ಒಂದು ವಿಮರ್ಶೆ

ದ್ರವ್ಯ, ಅಳತೆ, ಪರಮಾಣು ಈ ಮೂರನ್ನೂ ನಮ್ಮ ಪರಿಚಯ ಪಾಠಗಳು ಹೇಗೆ ಕಲಿಸುತ್ತವೆ ಅನ್ನೋದು ಇವತ್ತಿನ ವಿಷಯ. ಉದಾಹರಣೆಗೆ ಕೊಯಮತ್ತೂರಿನ ಸಿಂಗಾನಲ್ಲೂರಿನ ಕಡೆಯ ಕನ್ನಡ ಮನೆಗಳನ್ನು ತೆಗೆದುಕೊಂಡಿದ್ದೇನೆ. ಆ ಸೀಮೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ಇದ್ದಾರೆ. ಕೊಳ್ಳೇಗಾಲ ತಾಲ್ಲೂಕು ಕೂಡ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು.

ಅಲ್ಲಿ ತಮಿಳು ಮಾಧ್ಯಮದಲ್ಲಿ ಓದುವ ಮಗುವಿಗೆ 'ಅಣು' ಅಂದರೆ ಆಟಂ. ಮಾಲಿಕ್ಯೂಲಿಗೆ ತಮಿಳಿನಲ್ಲಿ 'ಮೂಲಕ್ಕೂರು' ಎಂಬ ಬೇರೆ ಪದವಿದೆ. ನಮ್ಮ ಪಠ್ಯದಲ್ಲಿ ಆಟಂ 'ಪರಮಾಣು', ಮಾಲಿಕ್ಯೂಲು 'ಅಣು'. ಅದೇ ಮಗು ಕನ್ನಡ ಪುಸ್ತಕ ತೆರೆದು, ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣುಗಳಿವೆ ಅಂತ ಓದಿದರೆ ಏನು ತಿಳಿಯಬೇಕು? ಅದು ಕಲಿತ ಅರ್ಥದಲ್ಲಿ ನೀರಿಗೆ ಅಣುವೇ ಇಲ್ಲ!

ಇದು ಗಡಿಯಾಚೆಯವರ ತೊಂದರೆ ಮಾತ್ರ ಅಲ್ಲ. 'ಅಣುಬಾಂಬ್', 'ಅಣುಶಕ್ತಿ' ಅಂತ ನಾವೂ ದಿನಾ ಹೇಳುತ್ತೇವೆ. ಪಠ್ಯದ ಅರ್ಥ ಹಿಡಿದರೆ ಅದು ಮಾಲಿಕ್ಯೂಲಿನ ಬಾಂಬು ಆಗಬೇಕಿತ್ತು. ಅಂದರೆ ಪಾಠದ ಕನ್ನಡಕ್ಕೂ ಪತ್ರಿಕೆಯ ಕನ್ನಡಕ್ಕೂ ಹೊಂದಿಕೆ ಇಲ್ಲ. ಈ ವಿಷಯದಲ್ಲಿ ತಮಿಳು ಹೆಚ್ಚು ಅಚ್ಚುಕಟ್ಟು.

ಹಾಗಾದರೆ ಪದ ಬದಲಿಸಿದರೆ ಸಾಕಲ್ಲ ಅಂತ ಕೇಳಬಹುದು. ಸಾಲದು. ಈ ಗೊಂದಲ ವಿಜ್ಞಾನದ ಇತಿಹಾಸದಲ್ಲೇ ಇತ್ತು. 1808ರಲ್ಲಿ ಗ್ರಂಥ ಪ್ರಕಟಿಸಿದ ಡಾಲ್ಟನ್ ನೀರಿನ ಕಣವನ್ನೂ ಒಂದು ಬಗೆಯ ಆಟಂ ಅಂತಲೇ ಕರೆದ. ಅದರಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಇವೆ ಅಂತ ಊಹಿಸಿದ. ನೀರಿನಲ್ಲಿ 1 ಗ್ರಾಂ ಹೈಡ್ರೋಜನ್ನಿಗೆ ಸುಮಾರು 8 ಗ್ರಾಂ ಆಕ್ಸಿಜನ್ ಇರುತ್ತದೆ. ಡಾಲ್ಟನ್‌ನ ಊಹೆ ಸರಿಯಾಗಿದ್ದರೆ ಆಕ್ಸಿಜನ್ನಿನ ಸಾಪೇಕ್ಷ ತೂಕ 8. ಹೈಡ್ರೋಜನ್ ಎರಡು ಇದ್ದರೆ 16. 1811ರಲ್ಲಿ ಅವೊಗಾಡ್ರೋ ದಾರಿ ತೋರಿಸಿದರೂ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕನಿಜಾರೊ ವಾದಿಸುವವರೆಗೆ ಬಹಳ ಜನ ಒಪ್ಪಿರಲಿಲ್ಲ. ಅಣು ಪರಮಾಣು ಬೇರೆ ಅನ್ನೋದು ತೀರ್ಮಾನವಾದದ್ದು ನಿಘಂಟಿನಿಂದ ಅಲ್ಲ, ತೂಕ ಮತ್ತು ಗಾತ್ರದ ಲೆಕ್ಕದಿಂದ.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ನಮ್ಮ ಪಾಠಗಳಲ್ಲಿ ಅಳತೆಯ ಅಧ್ಯಾಯ ಮೀಟರ್, ಕಿಲೋಗ್ರಾಂ, ಸೆಕೆಂಡ್ ಹೇಳಿ ಮುಗಿದುಬಿಡುತ್ತದೆ. ಪರಮಾಣುವಿನ ಅಧ್ಯಾಯ ಶುರುವಾಗುವ ಹೊತ್ತಿಗೆ ತಕ್ಕಡಿ ಮಾಯ. ಕಣಾದನ ಪರಮಾಣು ತರ್ಕದಿಂದ ಬಂದದ್ದು, ಡಾಲ್ಟನ್‌ನದು ತೂಕದ ಲೆಕ್ಕದಿಂದ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋದರೆ ಈ ವ್ಯತ್ಯಾಸವೇ ಕಳೆದುಹೋಗುತ್ತದೆ. ಉಳಿಯೋದು ಬಾಯಿಪಾಠದ ವ್ಯಾಖ್ಯೆ.

ಮಿಲ್ಲುಗಳ ಆ ಊರಿನಲ್ಲಿ ಒಳ್ಳೆಯ ಉದಾಹರಣೆ ಮನೆಬಾಗಿಲಲ್ಲೇ ಇದೆ, ನೂಲಿನ ಕೌಂಟ್. 840 ಗಜದ ಒಂದು ಹ್ಯಾಂಕ್ ಒಂದು ಪೌಂಡ್ ತೂಗಿದರೆ ಅದು 1 ಕೌಂಟ್. 40 ಕೌಂಟ್ ಅಂದರೆ ಒಂದು ಪೌಂಡಿಗೆ 33,600 ಗಜ. ಸಂಖ್ಯೆ ಹೆಚ್ಚಿದಷ್ಟೂ ನೂಲು ಸಣ್ಣ. ಎಳೆ ಎಷ್ಟು ದಪ್ಪ ಅಂತ ಯಾರೂ ಸ್ಕೇಲು ಹಿಡಿದು ನೋಡೋದಿಲ್ಲ. 120 ಗಜ ಸುತ್ತಿ ತೂಗಿ, ಲೆಕ್ಕ ಹಾಕುತ್ತಾರೆ. ಕಣ್ಣಿಗೆ ಸಿಗದಷ್ಟು ಚಿಕ್ಕದನ್ನು ಗುಂಪಾಗಿ ತೂಗಿ ತಿಳಿಯುವ ಈ ಉಪಾಯ ನೇಕಾರರ ಮನೆಯ ಮಗುವಿಗೆ ಹೊಸದಲ್ಲ. ಹೋಲಿಕೆಗೆ ಮಿತಿಯೂ ಇದೆ: ನೂಲನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು, ಪರಮಾಣುಗಳಿಗೆ ಎಣಿಕೆ ಉಂಟು. ಅದನ್ನೂ ಪಾಠದಲ್ಲೇ ಹೇಳಬೇಕು.

ಆದ್ದರಿಂದ ಎರಡು ಸಲಹೆ. ಒಂದು, ತೂಗುವುದರಿಂದ ಶುರು ಮಾಡಿ ಪರಮಾಣುವಿಗೆ ಬರೋಣ, ವ್ಯಾಖ್ಯೆ ಕೊನೆಗೆ ಇರಲಿ. ಎರಡು, 'ಅಣು' ಪದ ಪತ್ರಿಕೆಯಲ್ಲಿ, ತಮಿಳಿನಲ್ಲಿ, ಪಠ್ಯದಲ್ಲಿ ಯಾವ ಯಾವ ಅರ್ಥದಲ್ಲಿದೆ ಅಂತ ಪಾಠವೇ ಬಾಯಿಬಿಟ್ಟು ಹೇಳಲಿ. ಪದ ಯಾವುದೇ ಉಳಿದರೂ, ನೀರಿನಲ್ಲಿ ಆಕ್ಸಿಜನ್ 8 ಯಾಕಲ್ಲ, 16 ಯಾಕೆ ಅಂತ ವಿದ್ಯಾರ್ಥಿ ವಿವರಿಸಬಲ್ಲನೇ? ಚರ್ಚೆ ಅಲ್ಲಿಂದ ಶುರುವಾಗಲಿ ಅಂತ ಕೇಳಿಕೊಳ್ಳುತ್ತೇನೆ.