‘ರಾಜ್ಯಾಪಹಾರಿ’ ಎಂದು ಕರೆದವರು

ಮೈಸೂರಿನ ವಿಜಯನಗರ ಬಡಾವಣೆಯವರು ತಮ್ಮ ವಿಳಾಸ ಬರೆಯುವಾಗಲೆಲ್ಲ ಒಂದು ಹಳೆಯ ಸಾಮ್ರಾಜ್ಯದ ಹೆಸರನ್ನೂ ಬರೆಯುತ್ತಾರೆ. ಮೈಸೂರು ಅರಸರು ಮಾನ್ಯತೆ ಪಡೆದದ್ದು ಆ ಸಾಮ್ರಾಜ್ಯದಿಂದಲೇ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. 1612ರಲ್ಲಿ ಸಾಮ್ರಾಟ ವೆಂಕಟಪತಿರಾಯ, ಕೈಬಿಟ್ಟುಹೋದದ್ದನ್ನು ತಾನೇ ದಯಪಾಲಿಸಿದಂತೆ ಅದಕ್ಕೆ ಒಪ್ಪಿಗೆ ಕೊಟ್ಟ. ಇದನ್ನು ಯಾರೂ ಅಪಹಾರ ಎನ್ನುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಆ ಕಾಲದ ರಾಜಕಾರಣ ನಡೆಯುತ್ತಿದ್ದುದೇ ಹಾಗೆ. ಆದರೆ ನೂರೈವತ್ತು ವರ್ಷಗಳ ನಂತರ ಅದೇ ಕೋಟೆಯಲ್ಲಿ ಹೈದರಲಿ ಅಧಿಕಾರ ಹಿಡಿದ ಕೂಡಲೇ ಆ ಪದ ನಮ್ಮ ಬಾಯಿಗೆ ಬಂದುಬಿಡುತ್ತದೆ. ಅದು ಬಂದದ್ದು ಎಲ್ಲಿಂದ?

ಬಹುಮಟ್ಟಿಗೆ, ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್‌ನಿಂದ. 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಆತ ಪ್ರಕಟಿಸಿದ ಮೈಸೂರು ಚರಿತ್ರೆಯನ್ನು ಇಂದಿಗೂ ಬದಿಗಿಟ್ಟು ಮುಂದೆ ಹೋಗಲಾಗುವುದಿಲ್ಲ. ಕಷ್ಟಪಟ್ಟು ಬರೆದ ಪುಸ್ತಕ. ಸ್ಥಳೀಯ ಬರಹಗಳನ್ನೂ ಹಳಬರ ನೆನಪುಗಳನ್ನೂ ಕಲೆಹಾಕಿದ ಪುಸ್ತಕ. ತಕರಾರಿರುವುದು ಅದರ ಉದ್ದನೆಯ ಶೀರ್ಷಿಕೆಯ ಬಗ್ಗೆ. ಹಿಂದೂ ಸರ್ಕಾರದ ಹುಟ್ಟಿನಿಂದ 1799ರಲ್ಲಿ ಮಹಮ್ಮದೀಯ ವಂಶದ ಅಳಿವಿನವರೆಗೆ ಎಂದು ಅದು ಚರಿತ್ರೆಗೆ ಗಡಿ ಹಾಕುತ್ತದೆ. ಅರಮನೆಯೊಳಗಿನ ಅಧಿಕಾರ ಬದಲಾವಣೆಯೊಂದು ಈ ಗಡಿಯೊಳಗೆ ಧರ್ಮ ಬದಲಾವಣೆಯಂತೆ ಕಾಣತೊಡಗುತ್ತದೆ.

ವಿಲ್ಕ್ಸ್ ಕೊಡುವ ವಿವರಗಳೇ ಅವನ ಶೀರ್ಷಿಕೆಯನ್ನು ಒಪ್ಪುವುದಿಲ್ಲ. 1730ರ ದಶಕದಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿದವರು ದಳವಾಯಿ ದೇವರಾಜಯ್ಯನವರ ಬಳಗದವರು. ದೊರೆ ಅಲ್ಲಿಯೇ ತೀರಿಕೊಂಡರು. ಅಂದಿನಿಂದ ಸಿಂಹಾಸನದ ಮೇಲೆ ಒಡೆಯರು, ಆಡಳಿತದಲ್ಲಿ ದಳವಾಯಿಗಳು. 1761ರಲ್ಲಿ ಹೈದರ್ ಕಸಿದುಕೊಂಡದ್ದು ಈ ಎರಡನೆಯ ಜಾಗವನ್ನು. ಒಡೆಯರನ್ನು ಅವನೂ ಹೆಸರಿಗೆ ಹಾಗೆಯೇ ಉಳಿಸಿಕೊಂಡ. ಕಸಿದುಕೊಂಡದ್ದು ನ್ಯಾಯವೆಂದು ನಾನು ಹೇಳುತ್ತಿಲ್ಲ. ತನ್ನನ್ನು ಬೆಳೆಸಿದವರನ್ನೇ ಅವನು ಬದಿಗೆ ಸರಿಸಿದ. ತಿರುಗಿಬಿದ್ದ ಖಂಡೇರಾಯನನ್ನು ಪಂಜರದಲ್ಲಿಟ್ಟ. ಆದರೆ ಒಂದೇ ಕೆಲಸಕ್ಕೆ ಎರಡು ಹೆಸರು ಏಕೆ ಎಂದು ಕೇಳಬೇಕಾಗಿದೆ.

ಮಾನ್ಯತೆಯ ಅಗತ್ಯ ಹೈದರನಿಗೂ ಗೊತ್ತಿತ್ತು. ಅದೇ 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಅವನಿಗೆ ಶಿರಾದ ನವಾಬಗಿರಿ ಕೊಟ್ಟ. ಬದಲಿಗೆ ಮೂರು ಲಕ್ಷ ರೂಪಾಯಿ ನಜರಾನೆ. ಶಿರಾ ಆಗ ಇದ್ದದ್ದು ಮರಾಠರ ಕೈಯಲ್ಲಿ! ಕೊಟ್ಟವನಿಗೂ ಪಡೆದವನಿಗೂ ಅದು ಗೊತ್ತಿತ್ತು. ಆದರೂ ‘ನವಾಬ’ ಎಂಬ ಪದಕ್ಕೆ ಬೆಲೆ ಇತ್ತು.

ಇನ್ನು ಕಂಪನಿಯ ನಡೆ ನೋಡಿ. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೆ ಬಂದು ನಿಂತಾಗ ಅದು ಒಪ್ಪಂದ ಮಾಡಿಕೊಂಡದ್ದು ಅವನೊಡನೆ, ಒಡೆಯರೊಡನೆ ಅಲ್ಲ. ಅಧಿಕಾರ ಹಿಡಿದು ಎಂಟು ವರ್ಷವಾಗಿತ್ತು; ಅಪಹಾರದ ಮಾತು ಅದಕ್ಕೆ ಅಡ್ಡ ಬರಲಿಲ್ಲ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತ ಮೇಲೆ ಅದಕ್ಕೆ ಅರಮನೆಯ ರಾಣಿ ಲಕ್ಷ್ಮಮ್ಮಣ್ಣಿ ನೆನಪಾದರು. 1782ರ ಅಕ್ಟೋಬರ್‌ನಲ್ಲಿ ರಾಣಿಯ ಪರವಾಗಿ ತಿರುಮಲರಾಯರೊಡನೆ ತಂಜಾವೂರಿನಲ್ಲಿ ಒಪ್ಪಂದವಾಯಿತು: ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸಬೇಕು. ಒಂದೂವರೆ ವರ್ಷವೂ ಕಳೆದಿರಲಿಲ್ಲ. ಮಂಗಳೂರಿನ ಕೋಟೆ ಟಿಪ್ಪುವಿನ ವಶವಾಯಿತು, 1784ರ ಮಾರ್ಚ್ 11ರಂದು ಕಂಪನಿ ಟಿಪ್ಪುವಿನೊಡನೆ ಸಂಧಿಗೆ ಸಹಿ ಹಾಕಿತು. ರಾಣಿಯ ಕಾಗದ ಪೆಟ್ಟಿಗೆ ಸೇರಿತು. ಆ ಹೆಣ್ಣುಮಗಳು ಶತ್ರುವಿನ ಕಣ್ಗಾವಲಿನಲ್ಲೇ ಇದ್ದುಕೊಂಡು ಪ್ರಾಣ ಪಣಕ್ಕಿಟ್ಟು ಕಳಿಸಿದ ಮೊರೆಗೆ ಸಿಕ್ಕ ಗೌರವ ಇಷ್ಟು. ಟಿಪ್ಪುವನ್ನು ಹೊಗಳುವವರೂ ಒಡೆಯರನ್ನು ಹೊಗಳುವವರೂ ಈ ಎರಡು ಒಪ್ಪಂದಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಅಪರೂಪ.

ಟಿಪ್ಪುವೂ ಮಾನ್ಯತೆ ಹುಡುಕಿ ದೂರ ಹೋದ. ಇಸ್ತಾಂಬುಲಿಗೆ ಗುಲಾಮ್ ಅಲಿ ಖಾನನ ನೇತೃತ್ವದಲ್ಲಿ 1786ರಲ್ಲಿ ಹಡಗುಗಳು ಹೊರಟವು. ಹೋದವರಲ್ಲಿ ಬಹುಮಂದಿ ದಾರಿಯಲ್ಲೇ ಸತ್ತರು. ಒಟ್ಟೋಮನ್ ಸುಲ್ತಾನ ಮರ್ಯಾದೆ ಮಾಡಿದ, ಸೈನ್ಯ ಕೊಡಲಿಲ್ಲ. 1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿ ಮಾಡಿದ್ದೂ ಅದನ್ನೇ. ಒಂದೇ ಧರ್ಮದವನೆಂದು ಖಲೀಫರು ಕೈಹಿಡಿಯಲಿಲ್ಲ ಎಂಬುದನ್ನು, ಟಿಪ್ಪುವಿನ ರಾಜಕಾರಣವನ್ನೆಲ್ಲ ಧರ್ಮದ ಕನ್ನಡಕದಲ್ಲೇ ನೋಡುವವರು ಗಮನಿಸಬೇಕು.

ಇಂದಿನ ರಾಜ್ಯಗಳ ಲೆಕ್ಕಾಚಾರವೂ ಬಹಳ ಬದಲಾಗಿಲ್ಲ. ನೆಲದ ಮೇಲೆ ಹಿಡಿತ ಯಾರದು, ಹಳೆಯ ಒಪ್ಪಂದಗಳನ್ನು ಪಾಲಿಸುತ್ತಾರೆಯೇ, ಜನರ ಒಪ್ಪಿಗೆ ಇದೆಯೇ ಎಂದು ಕೇಳುವುದು ರೂಢಿ. ಮೊದಲ ಎರಡಕ್ಕೆ ಉತ್ತರ ಸಿಕ್ಕರೆ ಮೂರನೆಯದನ್ನು ಒತ್ತಾಯಿಸುವವರು ಕಡಿಮೆ. ಸರ್ಕಾರಗಳಿಗಲ್ಲ, ದೇಶಗಳಿಗೆ ಮಾತ್ರ ಮಾನ್ಯತೆ ಕೊಡುತ್ತೇವೆಂದು 1980ರಲ್ಲಿ ಬ್ರಿಟನ್ ಸಾರಿದ್ದು ಈ ಮುಜುಗರ ತಪ್ಪಿಸಿಕೊಳ್ಳಲು ಒಂದು ಉಪಾಯ. 1996ರಲ್ಲಿ ಕಾಬೂಲ್ ಹಿಡಿದ ತಾಲಿಬಾನನ್ನು ಒಪ್ಪಿದ್ದು ಪಾಕಿಸ್ತಾನ, ಸೌದಿ ಅರೇಬಿಯಾ, ಯುಎಇ ಮಾತ್ರ. 2021ರಲ್ಲಿ ಅವರು ಮರಳಿ ಬಂದ ಮೇಲೆ ಔಪಚಾರಿಕ ಮಾನ್ಯತೆಯನ್ನು ಮೊದಲು ಕೊಟ್ಟದ್ದು ರಷ್ಯಾ, 2025ರಲ್ಲಿ. ಅಷ್ಟರೊಳಗೆ ಮಾತುಕತೆ, ವ್ಯಾಪಾರಗಳೆಲ್ಲ ನಡೆದೇ ಇದ್ದವು. ಅಲ್ಲಿನ ಶಾಲೆಗಳಿಂದ ಹೊರಗುಳಿದ ಹುಡುಗಿಯರ ಅಭಿಪ್ರಾಯವನ್ನು ಯಾವ ರಾಯಭಾರಿ ಕೇಳಿದ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಲ್ಲೆಸ್ಲಿಯ ಮುಂದೆ ಎರಡು ದಾರಿಗಳಿದ್ದವು: ಟಿಪ್ಪುವಿನ ಮಕ್ಕಳು ಅಥವಾ ಒಡೆಯರ ಮನೆತನ. ತಮಗೆ ಋಣಿಯಾಗಿ ಉಳಿಯುವವರನ್ನು ಅವನು ಆರಿಸಿಕೊಂಡ. ನಾಡು ತಮ್ಮದು ಗೆದ್ದ ಹಕ್ಕಿನಿಂದ ಎಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಜೂನ್ 30ರಂದು ಪಟ್ಟಕ್ಕೆ ಕೂರಿಸಿದರು. ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ ಗೊತ್ತುಮಾಡಿದರು. ದಿವಾನಗಿರಿ 1782ರ ತಿರುಮಲರಾಯರಿಗೆ ಸಿಗಲಿಲ್ಲ, ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರಿಗೆ ಹೋಯಿತು. ‘ಅಪಹಾರಿ’ಯ ಮಂತ್ರಿಯಿಂದ ಕಂಪನಿಗೆ ತೊಂದರೆಯೇನೂ ಇರಲಿಲ್ಲ.

ಇದೇ ಕೃಷ್ಣರಾಜರಿಂದ 1831ರಲ್ಲಿ ಆಡಳಿತವನ್ನು ಕಿತ್ತುಕೊಂಡವರೂ ಅವರನ್ನು ಕೂರಿಸಿದವರೇ. ರಾಜ್ಯ ಮರಳಿ ಕೊಡಿ ಎಂದು ಅರ್ಜಿಗಳನ್ನು ಬರೆಯುತ್ತಲೇ ಬಂದ ಅವರು 1868ರಲ್ಲಿ ತೀರಿಕೊಂಡರು. ರಾಜ್ಯ ಮರಳಿದ್ದು ಅವರ ದತ್ತುಪುತ್ರರಿಗೆ, 1881ರಲ್ಲಿ. ನಡುವಿನ ಆ ಐವತ್ತು ವರ್ಷಗಳನ್ನು ನಮ್ಮ ಪುಸ್ತಕಗಳು ‘ಕಮಿಷನರುಗಳ ಆಳ್ವಿಕೆ’ ಎಂದು ಕರೆಯುತ್ತವೆ.