ಭೋಸರಿಯ ಪೆನ್‌ಡ್ರೈವ್

ಬಂಧುಗಳ ಮನೆಯ ಕಂಪ್ಯೂಟರ್ ಮುಟ್ಟಬಾರದು ಎಂಬುದು ಈ ವಿದ್ಯೆ ಬಲ್ಲವರೆಲ್ಲ ಪಾಲಿಸುವ ಪಥ್ಯ. ಒಮ್ಮೆ ಮುಟ್ಟಿದರೆ ಮುಗಿಯಿತು, ಮುಂದೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಫೋನು ನಿಮಗೇ. ಆದರೆ ಪುಣೆ ಪಕ್ಕದ ಭೋಸರಿಯ ಸೋದರಮಾವ "ಒಂದೀಟ ನೋಡಪಾ, ಭಾಳ ಸ್ಲೋ ಆಗೇತಿ" ಅಂದರೆ ಇಲ್ಲ ಎನ್ನಲಾದೀತೇ? ವಿಜಯಪುರದ ಕಡೆಯಿಂದ ಹೋಗಿ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇಥ್ ಮುಂದೆ ನಿಂತು ಕೆಲಸ ಕಲಿತು, ಈಗ ಸ್ವಂತ ಜಾಬ್‌ವರ್ಕ್ ಶೆಡ್ ಇಟ್ಟುಕೊಂಡವರು. ಶೆಡ್ಡಿನ ಡ್ರಾಯಿಂಗು, ಜಿಎಸ್‌ಟಿ ಲೆಕ್ಕ, ಮಗಳ ಪ್ರಾಜೆಕ್ಟು, ಮದುವೆ ಫೋಟೊ ಎಲ್ಲಕ್ಕೂ ಮನೆಯ ಅದೊಂದೇ ಕಂಪ್ಯೂಟರ್. ಒಳಗೆ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು 2020ರ ಜನವರಿ 14ರಂದು.

ಟಾಸ್ಕ್ ಮ್ಯಾನೇಜರ್ ತೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಯಾವ ಆಂಟಿವೈರಸ್ ಕಂಪನಿಯ ಸೈಟೂ ತೆರೆಯಲೊಲ್ಲದು, ಕ್ರಿಕೆಟ್ ಸ್ಕೋರು ಮಾತ್ರ ಸಲೀಸಾಗಿ ಬರುತ್ತಿತ್ತು. ಈ ಎರಡು ಲಕ್ಷಣ ಜೊತೆಗೆ ಕಂಡರೆ ಕಾಯಿಲೆ ಬಲಿತಿದೆ ಎಂದೇ ಲೆಕ್ಕ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೇಜಿನ ಮೇಲಿದ್ದ ಪೆನ್‌ಡ್ರೈವ್. ತೆರೆದರೆ ಒಳಗೆ ಒಂದೇ ಒಂದು ಐಕಾನ್, ಅದೂ ಪೆನ್‌ಡ್ರೈವಿನ ಹೆಸರಿನದೇ. ಮೂಲೆಯಲ್ಲಿ ಪುಟ್ಟ ಬಾಣದ ಗುರುತು, ಗಾತ್ರ 2 ಕೆಬಿ. ಮಾಮ ದಿನವೂ ಅದನ್ನೇ ಒತ್ತುತ್ತಿದ್ದರು, ಫೈಲುಗಳೂ ತೆರೆಯುತ್ತಿದ್ದವು. ಚಮತ್ಕಾರ ಅಲ್ಲೇ ಇರುವುದು. ನಿಜವಾದ ಫೈಲುಗಳನ್ನು ವೈರಸ್ ಹೆಸರಿಲ್ಲದ ಗುಪ್ತ ಫೋಲ್ಡರಿಗೆ ತಳ್ಳಿರುತ್ತದೆ. ಶಾರ್ಟ್‌ಕಟ್ ಒತ್ತಿದಾಗ ಮೊದಲು ತಾನು ಓಡಿ, ಆಮೇಲೆ ಆ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಕೆಲಸ ನಿಲ್ಲದಿದ್ದರೆ ಅನುಮಾನ ಯಾರಿಗೆ ಬಂದೀತು? ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕಿತ್ತು, ಆಟೋರನ್ ಎಂಬ ಸೌಲಭ್ಯ ವೈರಸ್ಸನ್ನು ತಾನಾಗಿಯೇ ಓಡಿಸುತ್ತಿತ್ತು. 2008ರ ಕೊನೆಯಲ್ಲಿ ಹೊರಬಿದ್ದ ಕಾನ್‌ಫಿಕರ್ ಆ ದಾರಿಯಲ್ಲೂ ಹಬ್ಬಿತು. ಮೈಕ್ರೋಸಾಫ್ಟ್ ಆ ಬಾಗಿಲು ಮುಚ್ಚಿದ ಮೇಲೆ ಒತ್ತುವ ಕೆಲಸ ಮನುಷ್ಯನ ಪಾಲಿಗೆ ಬಂತು.

ಭೋಸರಿಯಂಥ ಊರಿಗೆ ಇದು ಹೇಳಿ ಮಾಡಿಸಿದ ತಂತ್ರ. ಇಲ್ಲಿ ಒಂದು ಡ್ರಾಯಿಂಗ್ ಕಂಪನಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಲೇಸರ್ ಕಟಿಂಗಿಗೆ, ಅಲ್ಲಿಂದ ವೈರ್‌ಕಟ್ಟಿನವನಿಗೆ, ನಡುವೆ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಹೋಗುತ್ತದೆ. ಎಲ್ಲ ಕಡೆಗೂ ಪೆನ್‌ಡ್ರೈವೇ ವಾಹನ.

ಮಾಮನ ಡ್ರಾಯಿಂಗ್ ಫೋಲ್ಡರಿನಲ್ಲಿ ಗುಪ್ತ ಫೈಲುಗಳು ಕಾಣುವಂತೆ ಮಾಡಿದಾಗ ಇನ್ನೊಬ್ಬ ಅತಿಥಿ ಎದ್ದು ಬಂದ. ಹೆಸರು 'ಅಕ್ಯಾಡ್ ಡಾಟ್ ಎಲ್ಎಸ್‌ಪಿ'. ಈ ಹೆಸರಿನ ಫೈಲು ಡ್ರಾಯಿಂಗಿನ ಪಕ್ಕದಲ್ಲಿದ್ದರೆ ಹಳೆಯ ಆಟೋಕ್ಯಾಡ್ ಅದನ್ನು ಕೇಳದೆಯೇ ಓಡಿಸುತ್ತದೆ. ಎಂಜಿನಿಯರುಗಳ ಅನುಕೂಲಕ್ಕೆ ಇಟ್ಟಿದ್ದ ಸವಲತ್ತು ಅದು. 2012ರಲ್ಲಿ ಸ್ಲೊವಾಕಿಯಾದ ಇಸೆಟ್ ಕಂಪನಿ ಪತ್ತೆ ಮಾಡಿದ 'ಮೆಡ್ರೆ' ಈ ದಾರಿಯಲ್ಲೇ ನುಗ್ಗಿ, ಹೆಚ್ಚಾಗಿ ಪೆರು ದೇಶದ ಕಂಪ್ಯೂಟರುಗಳಿಂದ, ಹತ್ತಾರು ಸಾವಿರ ಡ್ರಾಯಿಂಗುಗಳನ್ನು ಚೀನಾದ ಇಮೇಲ್ ಖಾತೆಗಳಿಗೆ ಕಳಿಸಿತ್ತು. ಮಾಮನಲ್ಲಿ ಸಿಕ್ಕಿದ್ದು ಬರೀ ಹರಡಿಕೊಳ್ಳುವ ಬಡಪಾಯಿ ಜಾತಿ. ಆದರೂ ಗಿರಾಕಿಯ ಡ್ರಾಯಿಂಗ್ ಇಟ್ಟುಕೊಂಡವರಿಗೆ ನಡುಕ ಹುಟ್ಟಬೇಕಾದ ವಿಷಯವೇ.

ಹಳೆಯ ವೈರಸ್ಸುಗಳಿಗೆ ಒಂದು ಮರ್ಯಾದೆಯಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ. 1986ರ 'ಬ್ರೇನ್' ಒಳಗೆ ಅದನ್ನು ಬರೆದ ಲಾಹೋರಿನ ಅಣ್ಣತಮ್ಮಂದಿರ ಅಂಗಡಿ ವಿಳಾಸ, ಫೋನ್ ನಂಬರ್ ಸಮೇತ ಇತ್ತು. ನಮ್ಮ ದೇಶದಲ್ಲೇ ಪತ್ತೆಯಾದ 'ಜೋಶಿ' ಜನವರಿ 5ರಂದು ಕಂಪ್ಯೂಟರನ್ನು ತಡೆದು ನಿಲ್ಲಿಸಿ, 'ಹ್ಯಾಪಿ ಬರ್ತ್‌ಡೇ ಜೋಶಿ' ಎಂದು ಟೈಪಿಸಿದ ಮೇಲಷ್ಟೇ ಬಿಡುತ್ತಿತ್ತು. ಫ್ಲಾಪಿಗಳ ಆ ಕಾಲದಲ್ಲೇ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಮೇಲೆ ಬಂದ ಕೈಲಾಸ್ ಕಾಟ್ಕರ್ ಮತ್ತು ತಮ್ಮ ಸಂಜಯ್, ಗಿರಾಕಿಗಳ ಕಂಪ್ಯೂಟರಿನ ಈ ಕಾಟಕ್ಕೆ ಮದ್ದು ಹುಡುಕುತ್ತಲೇ ಕ್ವಿಕ್ ಹೀಲ್ ಆಂಟಿವೈರಸ್ ಕಂಪನಿ ಕಟ್ಟಿದರು.

ಮಾಮನ ಕಂಪ್ಯೂಟರನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸ್ಕ್ಯಾನ್ ಮಾಡಿದಾಗ ಪಟ್ಟಿಯಲ್ಲಿ 'ರಾಮ್‌ನಿಟ್' ಹೆಸರು ಬಂತು. ಅಲ್ಲಿಗೆ ನನ್ನ ತೀರ್ಪು ಸಿದ್ಧ. ಇದು ಇಎಕ್ಸ್ಇ, ಡಿಎಲ್ಎಲ್, ಎಚ್‌ಟಿಎಂಎಲ್ ಫೈಲುಗಳ ಒಳಗೇ ಸೇರಿಕೊಳ್ಳುತ್ತದೆ. ತೊಳೆದು ಇಟ್ಟುಕೊಳ್ಳುತ್ತೇನೆ ಅನ್ನುವವರು ಶೌರ್ಯ ತೋರಿಸಲಿ, ನಾನು ಫಾರ್ಮ್ಯಾಟ್ ಪಕ್ಷದವನು.

"ಎಲ್ಲಾ ಹೊಡದ್ರ ನನ್ನ ಡ್ರಾಯಿಂಗ್ ಗತಿ ಏನಲೇ?"

"ಮಾಮಾ, ಡ್ರಾಯಿಂಗ್, ಫೋಟೊ, ಲೆಕ್ಕ ತಕ್ಕೊಂಡೇ ಹೊಡೀತೀನ್ರಿ. ನಿಮ್ಮ ಕ್ರ್ಯಾಕ್ ಮಾಡಿದ್ದ ಸಾಫ್ಟ್‌ವೇರ್ ಅಷ್ಟs ಹೊಕ್ಕಾವು."

ಅವರ ಮುಖ ಬಾಡಿದ್ದು ಆ ಕ್ರ್ಯಾಕಿಗೆ. ಅದರ ಜೊತೆ ಬರುವ, ಕಳ್ಳ ಲೈಸೆನ್ಸ್ ನಂಬರ್ ಹುಟ್ಟಿಸುವ 'ಕೀಜೆನ್' ಓಡಿಸಲು ಆಂಟಿವೈರಸ್ ಆಫ್ ಮಾಡಿ ಎಂದು ಹಾಕಿಕೊಟ್ಟ ಹುಡುಗ ಹೇಳಿದ್ದನಂತೆ. ಇವರು ಮಾಡಿದ್ದರು, ಮತ್ತೆ ಆನ್ ಮಾಡಿರಲಿಲ್ಲ. ಎರಡು ಆಯಾಮದ ಸರಳ ಡ್ರಾಯಿಂಗಿಗೆ ಲಿಬ್ರೆಕ್ಯಾಡ್ ಪುಕ್ಕಟೆ ಸಿಗುತ್ತದೆ. ಡಿಡಬ್ಲ್ಯುಜಿ ಫೈಲುಗಳ ಮಟ್ಟಿಗೆ ಅದು ಸ್ವಲ್ಪ ತಡವರಿಸುತ್ತದೆ, ಡಿಎಕ್ಸ್ಎಫ್‌ನಲ್ಲಿ ಕಳಿಸಿ ಎಂದು ಗಿರಾಕಿಗೆ ಕೇಳಿಕೊಳ್ಳಬೇಕು. ಬ್ಯಾಂಕಿನ ಮತ್ತು ಜಿಎಸ್‌ಟಿಯ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಲ್ಲಲ್ಲ, ಫೋನಿನಲ್ಲಿ ಕೂತು ಬದಲಾಯಿಸಿದೆವು. ಖಾತೆಯಿಂದ ಹಣ ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂದು ಮಾಮಿಗೂ ಹೇಳಿದ್ದೇನೆ.

ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಅಲ್ಲಿ ಶೆಡ್ ಇಟ್ಟಿರುವ ಕನ್ನಡಿಗರು ಅವತ್ತು ಗುಪ್ತ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿ, ಡ್ರಾಯಿಂಗ್ ಫೋಲ್ಡರನ್ನು ಒಮ್ಮೆ ನೋಡಲಿ. ನೀವು ಬರೆಸದ ಎಲ್ಎಸ್‌ಪಿ ಫೈಲು ಅಲ್ಲಿದ್ದರೆ ಅಳಿಸಿ, ಪೆನ್‌ಡ್ರೈವ್ ಕೊಟ್ಟವನಿಗೂ ಒಂದು ಮಾತು ತಿಳಿಸಿ.