ಶಾಸನಸಂಪುಟದ ಒರೆಗಲ್ಲೂ ಗ್ರಂಥಾಲಯಗಳ ದತ್ತಾಂಶಸೇವೆಯೂ

ವಿದ್ಯಾಸಂಸ್ಥೆಗಳ ಗ್ರಂಥಾಲಯಗಳು ಪುಸ್ತಕಗಳನ್ನು ಕೊಟ್ಟು ಪಡೆಯುವುದರಲ್ಲಿಯೇ ತೃಪ್ತವಾಗಿರದೆ, ಸಂಶೋಧಕರು ಶ್ರಮಪಟ್ಟು ಕಲೆಹಾಕಿದ ದತ್ತಾಂಶವನ್ನೂ ಕಾಪಾಡಿ, ಅದರ ವಿವರಗಳನ್ನು ದಾಖಲಿಸಿ, ಮುಂದಿನ ಜಿಜ್ಞಾಸುಗಳಿಗೆ ಒದಗಿಸಬೇಕೆಂಬ ಮಾತು ಈಚೆಗೆ ಬಲವಾಗಿ ಕೇಳಿಬರುತ್ತಿದೆ. ಇದನ್ನು ಪರದೇಶದಿಂದ ಬಂದ ನೂತನ ವಿದ್ಯೆಯೆಂದು ಕೊಂಡಾಡುವವರುಂಟು. ಗ್ರಂಥಪಾಲಕರ ಮೇಲೆ ಹೇರಿದ ಮತ್ತೊಂದು ಹೊರೆಯೆಂದು ಗೊಣಗುವವರೂ ಉಂಟು. ಹಾಸನದ ಸೀಮೆಯಲ್ಲಿ ನಿಂತು ನೋಡುವವರಿಗೆ ಈ ಎರಡು ಭಾವನೆಗಳೂ ಸಲ್ಲುವಂತೆ ತೋರುವುದಿಲ್ಲ. ಈ ಸೇವೆಯ ಗುಣದೋಷಗಳನ್ನು ತಿಕ್ಕಿ ನೋಡುವುದಕ್ಕೆ ಬೇಕಾದ ಒರೆಗಲ್ಲು ಇಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಸಿದ್ಧವಾಯಿತು. ಬಿ. ಎಲ್. ರೈಸ್ ಅವರು ಸಂಪಾದಿಸಿ, 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನಮಾಲೆಯ ಐದನೆಯ ಸಂಪುಟವೇ ಅದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಬೇಲೂರು, ಅರಸೀಕೆರೆ, ಮಂಜರಾಬಾದು ಎಂಬ ಏಳು ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡ ಈ ಸಂಪುಟದಲ್ಲಿ ಪ್ರತಿಯೊಂದು ತಾಲ್ಲೂಕಿಗೂ ಪ್ರತ್ಯೇಕವಾದ ಕ್ರಮಸಂಖ್ಯೆಯುಂಟು. ಪ್ರತಿಯೊಂದು ಶಾಸನಕ್ಕೂ ಅದು ದೊರೆತ ಊರಿನ ಹೆಸರೂ, ಆ ಊರಿನೊಳಗೆ ಕಲ್ಲು ಇರುವ ತಾಣದ ನಿರ್ದೇಶವೂ ಉಂಟು. ಕನ್ನಡ ಲಿಪಿಯ ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಇವು ಮೂರೂ ಉಂಟು. ಹೀಗಿರುವುದರಿಂದ, ರೈಸ್ ಅವರ ಅಭಿಪ್ರಾಯವನ್ನು ನಂಬಲೇಬೇಕಾದ ನಿರ್ಬಂಧ ಓದುಗನಿಗಿಲ್ಲ. ಸಂಪಾದಕನು ತನ್ನನ್ನು ಖಂಡಿಸುವುದಕ್ಕೆ ಬೇಕಾದ ಸಾಮಗ್ರಿಯನ್ನು ತಾನೇ ಓದುಗನ ಕೈಗಿತ್ತಿರುವನು. ಈ ಸಂಪುಟದ ಶ್ರೇಷ್ಠತೆಯಿರುವುದು ಅಲ್ಲಿ.

ಅಂಥ ಔದಾರ್ಯದ ಫಲವನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಈ ಸಂಪುಟಕ್ಕೂ ಮೊದಲೇ, 1889ರಲ್ಲಿ, ರೈಸ್ ಅವರು ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573ಕ್ಕೆ ಏರಿದುವು. ಹಿಂದಿನವರ ಸಂಗ್ರಹವನ್ನು ಮುಂದಿನವರು ಬಿಸುಡದೆ, ತಿದ್ದಿ ಬೆಳೆಸಿದ ಈ ಪರಂಪರೆಗಿಂತ ಮಿಗಿಲಾದ ದತ್ತಾಂಶ ನಿರ್ವಹಣೆಯ ನಿದರ್ಶನವನ್ನು ನಾವು ದೂರದಲ್ಲಿ ಅರಸಬೇಕಾಗಿಲ್ಲ.

ದೋಷಗಳು ಇಲ್ಲವೆಂದಲ್ಲ. 1902ರ ಸಂಪುಟದ ಪೀಠಿಕೆಯೂ ಅನುವಾದವೂ ಇಂಗ್ಲಿಷಿನಲ್ಲಿಯೇ ಇದ್ದುದರಿಂದ, ಶಾಸನವಿರುವ ಊರಿನವನಿಗೇ ಸಂಪುಟದ ಅರ್ಧಭಾಗ ಬಹುಕಾಲ ಅಗಮ್ಯವಾಗಿತ್ತು. ಪರಿಷ್ಕೃತ ಮಾಲೆಯಲ್ಲಿ ಜಿಲ್ಲೆಯ ಶಾಸನಗಳು ಹಲವು ಸಂಪುಟಗಳಿಗೆ ಹಂಚಿಹೋಗಿ ಹೊಸ ಸಂಖ್ಯೆಗಳನ್ನು ಪಡೆದುವು. ಹಳೆಯ ಗ್ರಂಥಗಳು ಹಳೆಯ ಸಂಖ್ಯೆಯನ್ನೂ ಹೊಸ ಗ್ರಂಥಗಳು ಹೊಸ ಸಂಖ್ಯೆಯನ್ನೂ ಉಲ್ಲೇಖಿಸುವುದರಿಂದ ಎರಡನ್ನೂ ತಾಳೆನೋಡುವ ಕಷ್ಟ ವಿದ್ಯಾರ್ಥಿಯ ಪಾಲಿಗೆ ಬಂದಿತು. ಒಮ್ಮೆ ಇತ್ತ ಗುರುತನ್ನು ಎಂದಿಗೂ ಬದಲಿಸಬಾರದೆಂದು ಇಂದಿನ ದತ್ತಾಂಶಶಾಸ್ತ್ರವು ಹಟಹಿಡಿಯುವುದು ಇಂಥ ತೊಡಕಿನ ಅನುಭವದಿಂದಲೇ.

ಈ ಒರೆಗಲ್ಲಿನ ಮೇಲೆ ಇಂದಿನ ವ್ಯವಸ್ಥೆಯನ್ನು ತಿಕ್ಕಿದರೆ ದೊರೆಯುವ ಬಣ್ಣ ಮಸಕಾದುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಗಳ ತರುವಾಯ ಮಹಾಪ್ರಬಂಧಗಳು ವಿದ್ಯುನ್ಮಾನ ರೂಪದಲ್ಲಿ ‘ಶೋಧಗಂಗಾ’ ಭಂಡಾರವನ್ನು ಸೇರತೊಡಗಿದುವು. ಇದು ನಿಸ್ಸಂಶಯವಾಗಿ ದೊಡ್ಡ ಉಪಕಾರ. ಆದರೆ ಅಲ್ಲಿಗೆ ಸೇರುವುದು ಪ್ರಬಂಧ, ಅದಕ್ಕೆ ಆಧಾರವಾದ ದತ್ತಾಂಶವಲ್ಲ. ಪ್ರಶ್ನಾವಳಿಯ ಉತ್ತರಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಧ್ವನಿಮುದ್ರಣಗಳು, ಅಳತೆಯ ಪಟ್ಟಿಗಳು ಸಾಮಾನ್ಯವಾಗಿ ಸಂಶೋಧಕನ ಕಂಪ್ಯೂಟರಿನಲ್ಲಿಯೋ ಮಾರ್ಗದರ್ಶಕರ ಬೀರುವಿನಲ್ಲಿಯೋ ಉಳಿದು, ಪದವಿ ಕೈಸೇರಿದ ಮೇಲೆ ಕಣ್ಮರೆಯಾಗುತ್ತವೆ. ಇದರಿಂದಾಗುವ ನಷ್ಟವನ್ನು ತಿಳಿಯಲು ಹಾಸನದ ಆಲೂಗಡ್ಡೆಯನ್ನೇ ನೋಡೋಣ. ಪಂಜಾಬಿನಿಂದ ಬಿತ್ತನೆಗಡ್ಡೆಯನ್ನು ತರಿಸಿ, ಮುಂಗಾರಿನಲ್ಲಿ ಬೆಳೆದು, ಅಂಗಮಾರಿಗೆ ಫಸಲನ್ನು ಒಪ್ಪಿಸುತ್ತಿರುವ ರೈತನಿಗೆ ಒಂದು ವರ್ಷದ ಸಮೀಕ್ಷೆಯಿಂದ ಆಗುವ ಪ್ರಯೋಜನ ಅಲ್ಪ. ಮಳೆ, ತೇವ, ತಳಿ, ರೋಗ ಇವುಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಒಂದೇ ಕ್ರಮದಲ್ಲಿ ಕೂಡಿಬಂದಾಗಲೇ ಕಾರಣ ತಿಳಿದೀತು. ಬಿಡಿ ಪ್ರಬಂಧಗಳು ಮಾಡಲಾರದ ಈ ಜೋಡಣೆಯನ್ನು ಗ್ರಂಥಾಲಯ ಮಾಡಬಲ್ಲದು.

ಕಾಪಾಡುವುದೆಂದರೆ ಪ್ರತಿಗಳನ್ನು ಹೆಚ್ಚಿಸುವುದಷ್ಟೇ ಎಂದು ಭಾವಿಸುವವರು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರಿಗೆ ಒದಗಿದ ವಿಪತ್ತನ್ನು ನೆನೆಯಬೇಕು. ಮೈಸೂರು ಸೀಮೆಯ ಗ್ರಾಮವೊಂದರ ಬಗ್ಗೆ ಅವರು ವರ್ಷಗಟ್ಟಲೆ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರಲ್ಲಿ ಸ್ಟ್ಯಾನ್‌ಫರ್ಡಿನ ಒಂದೇ ಕಟ್ಟಡದಲ್ಲಿದ್ದು, ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಒಟ್ಟಿಗೆ ಸುಟ್ಟುಹೋದುವು. ಅವರು ನೆನಪನ್ನು ಆಧರಿಸಿ ಬರೆದು 1976ರಲ್ಲಿ ಪ್ರಕಟಿಸಿದ ಗ್ರಂಥ ಜಗದ್ವಿಖ್ಯಾತವಾಯಿತೆಂಬುದು ಅವರ ಪ್ರತಿಭೆಗೆ ಸಾಕ್ಷಿ. ಅಂಥ ಪ್ರತಿಭೆಯನ್ನು ನಂಬಿ ಯಾವ ಸಂಸ್ಥೆಯೂ ನಿಯಮ ರೂಪಿಸಲಾಗದು.

ಇನ್ನೊಂದು ವಿವೇಚನೆಯೂ ಅವಶ್ಯ. ಕಲ್ಲಿನ ಮೇಲಿನ ಶಾಸನ ಸರ್ವರೂ ಓದಲೆಂದೇ ಕಂಡರಿಸಿದ್ದು. ರೋಗಿಯ ವೃತ್ತಾಂತವಾಗಲಿ, ಹಳ್ಳಿಯ ಮನೆಮನೆಯ ಸಾಲದ ವಿವರವಾಗಲಿ ಹಾಗಲ್ಲ. ಹೆಸರಿನ ಗುರುತನ್ನು ಅಳಿಸಿ ಯಾವುದನ್ನು ತೆರೆಯಬೇಕು, ಯಾವುದನ್ನು ಅನುಮತಿಯಿಂದ ಮಾತ್ರ ತೋರಬೇಕು, ಯಾವುದನ್ನು ತೋರಲೇಬಾರದು ಎಂಬ ತಾರತಮ್ಯವಿಲ್ಲದ ಮುಕ್ತದ್ವಾರ ಸೇವೆಯೆನಿಸದು.

ಇವೆಲ್ಲಕ್ಕೂ ಆಧಾರವಾಗಬೇಕಾದ ಸಂಸ್ಥೆಯ ಸ್ಥೈರ್ಯವೇ ಇಲ್ಲಿ ಸಂದೇಹಾಸ್ಪದವಾಗಿರುವುದು ಶೋಚನೀಯ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯು 2023ರಲ್ಲಿ ಹಾಸನ ವಿಶ್ವವಿದ್ಯಾನಿಲಯವಾಗಿ ತಲೆಯೆತ್ತಿತು. 2025ರಲ್ಲಿಯೇ ಸಚಿವ ಸಂಪುಟದ ಉಪಸಮಿತಿಯು ಮುಚ್ಚಬಹುದೆಂದು ಸೂಚಿಸಿದ ಒಂಬತ್ತು ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಸೇರಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಬೇರೆಡೆಗೆ ಹೋಗಬಲ್ಲರು. ವಾರಸುದಾರನಿಲ್ಲದ ದತ್ತಾಂಶ ಎಲ್ಲಿಗೂ ಹೋಗದೆ ನಶಿಸುತ್ತದೆ.

ಆದುದರಿಂದ ನಮ್ಮ ತೀರ್ಮಾನ ಇಷ್ಟು: ದತ್ತಾಂಶಸೇವೆಯ ಬೆಲೆ ಅದರ ಯಂತ್ರಗಳಲ್ಲಿಲ್ಲ, ಮುಂದಿನವನು ಹಿಂದಿನವನನ್ನು ಪರೀಕ್ಷಿಸಿ ತಿದ್ದಲು ಅದು ಕೊಡುವ ಅವಕಾಶದಲ್ಲಿದೆ. ಮಹಾಪ್ರಬಂಧವನ್ನು ಸ್ವೀಕರಿಸುವಾಗಲೇ ಅದರ ದತ್ತಾಂಶವನ್ನೂ, ಎಲ್ಲಿ, ಯಾವಾಗ, ಹೇಗೆ ಸಂಗ್ರಹಿಸಿದ್ದೆಂಬ ಒಂದು ಪುಟದ ವಿವರಣೆಯನ್ನೂ ಗ್ರಂಥಾಲಯಕ್ಕೆ ಒಪ್ಪಿಸುವ ನಿಯಮ ಬರಲಿ. ಅದರ ಒಂದು ಪ್ರತಿ ಜಿಲ್ಲೆಯ ಹೊರಗಿನ ಸ್ಥಿರವಾದ ಭಂಡಾರದಲ್ಲಿರಲಿ. ಈ ಕೆಲಸಕ್ಕೆಂದೇ ಶಿಕ್ಷಣ ಪಡೆದ ಒಬ್ಬ ಗ್ರಂಥಪಾಲಕರಾದರೂ ನೇಮಕವಾಗಲಿ. ಇಷ್ಟು ನಡೆಯುವವರೆಗೆ, ಈ ಜಿಲ್ಲೆಯ ವಿಷಯದಲ್ಲಿ 1902ರ ಆ ಸಂಪುಟವೇ ನಮ್ಮ ಇಂದಿನ ವ್ಯವಸ್ಥೆಗಿಂತ ಉತ್ತಮವಾದ ದತ್ತಾಂಶಭಂಡಾರವೆಂದು ಒಪ್ಪಿಕೊಳ್ಳಬೇಕಾಗುತ್ತದೆ.